ನಮ್ಮ ಸೀಮೆಯ ಮೊದಲ ಬಿಷಪ್ ‘ನಮ್ಮವರೇ’. ಆದರೆ ಯಾರ ನಮ್ಮವರು?

ಹೋದ ಬೇಸಿಗೆಯಲ್ಲಿ ಗೆಳೆಯನೊಬ್ಬನ ಜೊತೆ ದೇಶನೂರಿಗೆ ಹೋಗಿದ್ದೆ. ನನ್ನೂರು ಬೈಲಹೊಂಗಲ, ದೇಶನೂರು ನಮ್ಮದೇ ತಾಲ್ಲೂಕಿನ ಹಳ್ಳಿ. ಅಲ್ಲಿ ‘ಸ್ನಾನಿಕ ಅರುಳಪ್ಪನವರ ವಿರಕ್ತ ಮಠ’ ಇದೆ. ಹೆಸರು ಕೇಳಿದವರು ಯಾವುದೋ ಲಿಂಗಾಯತ ಮಠ ಅಂದುಕೊಳ್ಳುತ್ತಾರೆ. ಅದು ಚರ್ಚು. ಸ್ನಾನಿಕ ಅರುಳಪ್ಪ ಅಂದರೆ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಯೋವಾನ. ಕಟ್ಟಡ ಗುಡಿಯ ಹಾಗಿದೆ. ಅದನ್ನು ಕಟ್ಟಿದ ಜೆಸ್ವಿಟ್ ಪಾದ್ರಿಗಳು ಕಾವಿ ಉಟ್ಟರು, ಮಾಂಸಾಹಾರ ಬಿಟ್ಟರು, ಈ ಕಡೆಯ ಸ್ವಾಮಿಗಳ ಹಾಗೆಯೇ ಬದುಕಲು ಹೊರಟರು.

ನನ್ನ ಗೆಳೆಯ ಸವದತ್ತಿ ತಾಲ್ಲೂಕಿನವನು, ದಲಿತ ಕ್ರೈಸ್ತ ಕುಟುಂಬದಿಂದ ಬಂದವನು. ಅವನ ಮುತ್ತಜ್ಜಿ ಹುಣ್ಣಿಮೆಗೊಮ್ಮೆ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುತ್ತಿದ್ದಳಂತೆ. ಅಜ್ಜನ ಕಾಲಕ್ಕೆ ಮನೆ ಚರ್ಚಿಗೆ ಸೇರಿತು. ಕಟ್ಟೆಯ ಮೇಲೆ ಕೂತು ನೀರು ಕುಡಿಯುವಾಗ ಅವನು ಕೇಳಿದ: “ಅಲ್ಲೋ, ನಮ್ಮ ಕಡಿಗೆ ಮೊದಲನೇ ಬಿಷಪ್ ಯಾರಿದ್ರು? ಕೆಂಪು ಮೋತಿಯವ್ರೋ, ನಮ್ಮವ್ರೋ?”

“ಕೆಂಪು ಮೋತಿಯವ್ರೇ ಇರಬೇಕು, ಮತ್ತ್ಯಾರು?” ಅಂದೆ.

ತಪ್ಪು ಹೇಳಿದ್ದೆ. ಮನೆಗೆ ಬಂದು ಓದತೊಡಗಿದ ಮೇಲೆ ಸಿಕ್ಕ ಹೆಸರು ಮತೇವುಸ್ ದೆ ಕಾಸ್ತ್ರೊ ಮಹಾಲೆ. ಹುಟ್ಟಿದ್ದು 1594ರ ಸುಮಾರಿಗೆ, ಗೋವಾದಲ್ಲಿ. 1637ರಲ್ಲಿ ರೋಮ್ ಅವರನ್ನು ಬಿಜಾಪುರ ರಾಜ್ಯಕ್ಕೆಂದು ಬಿಷಪ್ ಮಾಡಿತು. ರೋಮಿನ ಲ್ಯಾಟಿನ್ ಪರಂಪರೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ ಎಂದು ಇತಿಹಾಸಕಾರರು ಗುರುತಿಸುವುದು ಇವರನ್ನೇ. ಆಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯೆಲ್ಲ ಬಿಜಾಪುರದ ಆದಿಲ್‌ಶಾಹಿಗೆ ಸೇರಿತ್ತು. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಕಾಲ ಅದು. ಕಿತ್ತೂರಿನ ದೇಸಗತಿಯ ಮೂಲಪುರುಷರಾದ ಮಲ್ಲಶೆಟ್ಟಿ ಸಹೋದರರು ಬಿಜಾಪುರದ ಸೈನ್ಯದ ಜೊತೆ ಬಂದು ನಮ್ಮ ಸಂಪಗಾವಿಯಲ್ಲಿ ನೆಲೆಸಿ ಅರ್ಧ ಶತಮಾನ ಕಳೆದಿತ್ತು.

ಅಂದರೆ, ಕಾಗದದ ಮೇಲಾದರೂ, ಈ ನಾಲ್ಕು ತಾಲ್ಲೂಕುಗಳಿಗೆಂದು ಗೊತ್ತುಮಾಡಿದ ಮೊದಲ ಬಿಷಪ್ ಭಾರತೀಯ. ಪೋರ್ಚುಗೀಸರ ಬದ್ಧ ವೈರಿ. ಹುಟ್ಟಿನಿಂದ ಬ್ರಾಹ್ಮಣ.

ಇದನ್ನು ಫೋನಿನಲ್ಲಿ ಹೇಳಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಹಂಗಾದ್ರ ನಮ್ಮವ್ರು ಅನ್ನೂಣೇನು, ಬ್ಯಾಡೇನು?” ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಮಠ ಕಟ್ಟಿಸಿದ ದೇಸಾಯಿ, ಸ್ವಾಮಿ ಆರಿಸುವ ದೇಸಾಯಿ

ಮೊದಲು ಆಗಿನ ವ್ಯವಸ್ಥೆ ತಿಳಿಯಬೇಕು. 15ನೇ ಶತಮಾನದಿಂದ ಪೋಪರು ಪೋರ್ಚುಗಲ್ ದೊರೆಗೆ ಒಂದೊಂದೇ ಹಕ್ಕು ಕೊಡುತ್ತ ಬಂದರು. ಆಫ್ರಿಕಾ, ಏಷ್ಯಾಗಳಲ್ಲಿ ಚರ್ಚು ಕಟ್ಟುವ, ಪಾದ್ರಿಗಳನ್ನು ಹಡಗಿನಲ್ಲಿ ಕಳಿಸುವ, ಅವರ ಸಂಬಳ ಕೊಡುವ ಜವಾಬ್ದಾರಿ ದೊರೆಯದು. ಅದಕ್ಕೆ ಪ್ರತಿಯಾಗಿ ಅಲ್ಲಿ ಬಿಷಪ್ ಯಾರಾಗಬೇಕು ಎಂದು ಹೆಸರಿಸುವ ಹಕ್ಕೂ ಅವನದೇ. ಇದರ ಹೆಸರು ‘ಪದ್ರುವಾದೊ’, ಅಂದರೆ ಆಶ್ರಯದಾತನ ಹಕ್ಕು.

ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ, ಮಠ ಕಟ್ಟಿಸಿ, ಹೊಲ ಬಿಟ್ಟುಕೊಟ್ಟ ದೇಸಾಯಿ “ಪಟ್ಟಕ್ಕೆ ಯಾರು ಕೂಡಬೇಕು ಅಂತ ನಾನs ಹೇಳಾಂವ” ಅಂದ ಹಾಗೆ. ಗೋವಾದ ಆರ್ಚ್‌ಬಿಷಪ್ ಪೋರ್ಚುಗಲ್ ದೊರೆ ಹೆಸರಿಸಿದವರು. ತಮ್ಮ ಅಧಿಕಾರ ಇಡೀ ಪೂರ್ವ ದೇಶಗಳಿಗೆ, ಅಂದರೆ ಬಿಜಾಪುರಕ್ಕೂ ಸಲ್ಲುತ್ತದೆ ಎಂಬುದು ಗೋವಾದ ವಾದ. ಆದರೆ ಪೋರ್ಚುಗೀಸರ ಆಳ್ವಿಕೆ ಇದ್ದದ್ದು ಕರಾವಳಿಯ ಸಣ್ಣ ಪಟ್ಟಿಯ ಮೇಲೆ ಮಾತ್ರ. ಘಟ್ಟದ ಮೇಲೆ ಅವರ ಮಾತು ನಡೆಯುತ್ತಿರಲಿಲ್ಲ.

ರೋಮಿಗೆ ನಿಧಾನವಾಗಿ ಈ ಒಪ್ಪಂದ ಕುತ್ತಿಗೆಗೆ ಬಂತು. ಏಷ್ಯಾದಲ್ಲಿ ಧರ್ಮ ಹೋಗಿ ದೊರೆಯ ರಾಜಕೀಯವೇ ಮುಂದಾಗಿತ್ತು. 1622ರಲ್ಲಿ ಪೋಪ್ 15ನೇ ಗ್ರೆಗೊರಿ ಒಂದು ಹೊಸ ಇಲಾಖೆ ತೆರೆದರು: ‘ಪ್ರೊಪಗಾಂಡ ಫೀದೆ’, ಅಂದರೆ ನಂಬಿಕೆಯ ಪ್ರಸಾರ. ನಾವು ದಿನಾ ಬೈಯಲು ಬಳಸುವ ‘ಪ್ರೊಪಗಾಂಡ’ ಪದ ಬಂದದ್ದು ಇಲ್ಲಿಂದಲೇ. ಈ ಇಲಾಖೆಯ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೋಲಿ. ಆಯಾ ದೇಶದ ಜನರೇ ಪಾದ್ರಿಗಳಾಗದ ಹೊರತು ಚರ್ಚು ಅಲ್ಲಿ ಬೇರು ಬಿಡುವುದಿಲ್ಲ ಎಂದು ನಂಬಿದ ಮನುಷ್ಯ. ಅವರ ಬಾಗಿಲಿಗೆ 1625ರಲ್ಲಿ ಒಬ್ಬ ಗೋವಾ ಯುವಕ ಬಂದು ನಿಂತ.

ಮಹದಾಯಿಯ ನಡುಗಡ್ಡೆಯಿಂದ

ಮತೇವುಸ್ ಹುಟ್ಟಿದ್ದು ದೀವಾರ್ ದ್ವೀಪದಲ್ಲಿ. ಹಳೇ ಗೋವಾದ ಎದುರಿಗೆ, ಮಾಂಡೋವಿ ನದಿಯ ನಡುವೆ ಇರುವ ನಡುಗಡ್ಡೆ ಅದು. ಮಾಂಡೋವಿ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಮಹದಾಯಿ. ಯಾವ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂದು ಸವದತ್ತಿ, ರಾಮದುರ್ಗದ ರೈತರು ವರ್ಷಗಟ್ಟಲೆ ಬೀದಿಗಿಳಿದರೋ ಅದೇ ನದಿ.

ದೀವಾರಕ್ಕೂ ನಮಗೂ ಇನ್ನೊಂದು ನಂಟಿದೆ. ಗೋವಾ ಕದಂಬರ ಮನೆದೇವರು ಸಪ್ತಕೋಟೀಶ್ವರನ ಗುಡಿ ಇದ್ದದ್ದು ಈ ದ್ವೀಪದಲ್ಲಿ. ಅದೇ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ ಕಿತ್ತೂರಿನ ಹತ್ತಿರ ದೇಗಾಂವದಲ್ಲಿ ಇವತ್ತಿಗೂ ನಿಂತಿದೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ದೀವಾರದ ಗುಡಿಯನ್ನು ಕೆಡವಿದರು. ಭಕ್ತರು ಲಿಂಗವನ್ನು ಹೊಳೆ ದಾಟಿಸಿ, ಬಿಜಾಪುರದ ಆಳ್ವಿಕೆಯಲ್ಲಿದ್ದ ಡಿಚೋಲಿ ಸೀಮೆಯ ನಾರ್ವೆಯಲ್ಲಿ ಇಟ್ಟರು. ಮುಂದೆ ಆ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದವರು ಶಿವಾಜಿ. ದೇವರು ಹೊಳೆ ದಾಟಿದ ದಾರಿಯಲ್ಲೇ ಮುಂದೆ ಈ ಬಿಷಪ್ಪರೂ ದಾಟಿದರು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಿ.

ಮತೇವುಸ್ ಮಹಾಲೆ ಮನೆತನದ ಬ್ರಾಹ್ಮಣ ಕ್ರೈಸ್ತ. ಬಾರ್ದೇಸಿನ ರೈಸ್ ಮಾಗೊಸ್‌ನಲ್ಲಿ ಫ್ರಾನ್ಸಿಸ್ಕನ್ನರ ಹತ್ತಿರ ಓದಿದ. ಚೆನ್ನಾಗಿ ಓದಿದ. ಗುರುದೀಕ್ಷೆ ಕೇಳಿದ. ಆಗಿನ ಆರ್ಚ್‌ಬಿಷಪ್ ಕೊಡಲಿಲ್ಲ. ಬ್ರಾಹ್ಮಣರಿಗೆ ದೀಕ್ಷೆ ಕೊಡುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು.

ಇದು ಕೇಳಲು ವಿಚಿತ್ರ. ನಮ್ಮ ದೇಶದಲ್ಲಿ ಬ್ರಾಹ್ಮಣನಿಗೆ ಪೌರೋಹಿತ್ಯ ನಿರಾಕರಿಸಿದ ಸುದ್ದಿ ಎಲ್ಲಿ ಕೇಳಿದ್ದೀರಿ? ಆದರೆ ಗೋವಾದ ಬಿಳಿಯ ಪಾದ್ರಿಗಳ ಲೆಕ್ಕವೇ ಬೇರೆ ಇತ್ತು. ಸ್ಥಳೀಯನಿಗೆ ದೀಕ್ಷೆ ಕೊಟ್ಟರೆ ನಾಳೆ ಅವನು ಒಂದು ಊರಿನ ಚರ್ಚು ಕೇಳುತ್ತಾನೆ, ನಾಡಿದ್ದು ಅದರ ಆದಾಯ ಕೇಳುತ್ತಾನೆ, ಅದರ ಮರುದಿನ ಬಿಳಿಯನ ಮೇಲೆ ಅಧಿಕಾರ ಕೇಳುತ್ತಾನೆ. ಜೆಸ್ವಿಟ್ ಸಂಘವಂತೂ 16ನೇ ಶತಮಾನದಲ್ಲಿ ಪೆರೊ ಲೂಯಿಸ್ ಎಂಬ ಒಬ್ಬನೇ ಒಬ್ಬ ಭಾರತೀಯನನ್ನು ಸೇರಿಸಿಕೊಂಡಿತ್ತು, ಅವನೂ ಮಲಯಾಳಿ ಬ್ರಾಹ್ಮಣ. ಆಮೇಲೆ ಸುಮಾರು 2 ಶತಮಾನ ಬಾಗಿಲು ಹಾಕಿಬಿಟ್ಟಿತು. ಅದೇ ಸಂಘದವರು ಮುಂದೆ ದೇಶನೂರಿನಲ್ಲಿ ಕಾವಿ ಉಟ್ಟರು ಎಂಬುದನ್ನು ನೆನೆದರೆ, ಎಷ್ಟು ದೂರ ಬಂದರು ಅನ್ನುವುದು ತಿಳಿಯುತ್ತದೆ.

ಮತೇವುಸ್ ಅಳುತ್ತ ಕೂರಲಿಲ್ಲ. ಪೋರ್ಚುಗೀಸ್ ಹಡಗು ಹತ್ತುವಂತಿರಲಿಲ್ಲ. ಪಶ್ಚಿಮ ಏಷ್ಯಾದ ನೆಲದ ದಾರಿ ಹಿಡಿದು ರೋಮ್ ಮುಟ್ಟಿದ. ಅಲ್ಲಿ ಓದು ಮುಂದುವರಿಸಿದ, ದೀಕ್ಷೆ ಪಡೆದ, ಧರ್ಮಪ್ರಚಾರದ ಅಧಿಕಾರಪತ್ರಗಳನ್ನು ಕಟ್ಟಿಕೊಂಡು 1630ರ ದಶಕದ ಆರಂಭದಲ್ಲಿ ಗೋವಾಕ್ಕೆ ವಾಪಸ್ ಬಂದ. ಗೋವಾದವರು ಆ ಕಾಗದ ನೋಡಿ ‘ಇದು ನಡೆಯೂದಿಲ್ಲ’ ಅಂದುಬಿಟ್ಟರು. ಪೋಪರ ಮುದ್ರೆ ಇದ್ದರೂ ನಡೆಯಲಿಲ್ಲ.

ಇಲ್ಲದ ಊರಿನ ಬಿಷಪ್

ಮತ್ತೆ ರೋಮ್. ಈ ಸಲ ಇಂಗೋಲಿ ಮತ್ತು ಅವರ ಇಲಾಖೆ ಒಂದು ಉಪಾಯ ಹುಡುಕಿತು. ಅದನ್ನು ಅರ್ಥ ಮಾಡಿಕೊಂಡರೆ ಮುಂದಿನ 3 ಶತಮಾನಗಳ ಚರ್ಚಿನ ರಾಜಕೀಯ ಅರ್ಧ ಅರ್ಥವಾದಂತೆ.

ಭಾರತದಲ್ಲಿ ಹೊಸ ಬಿಷಪ್ ಪೀಠ ಮಾಡಿದರೆ ಅದಕ್ಕೆ ಹೆಸರು ಸೂಚಿಸುವ ಹಕ್ಕು ಪೋರ್ಚುಗಲ್ ದೊರೆಯದಾಗುತ್ತದೆ. ಹಾಗಾಗಿ ಇಲ್ಲಿ ಪೀಠವನ್ನೇ ಮಾಡಬಾರದು. ಬೇರೆಲ್ಲೋ ಹಿಂದೊಮ್ಮೆ ಕ್ರೈಸ್ತರಿದ್ದು, ಈಗ ಪಾಳುಬಿದ್ದ ಊರಿನ ಹೆಸರಿನಲ್ಲಿ ಮನುಷ್ಯನನ್ನು ಬಿಷಪ್ ಮಾಡಬೇಕು. ಆಮೇಲೆ ಅವನನ್ನು ಪೋಪರ ಖಾಸಾ ಪ್ರತಿನಿಧಿಯಾಗಿ ಭಾರತಕ್ಕೆ ಕಳಿಸಬೇಕು. ಈ ಹುದ್ದೆಗೆ ‘ವಿಕಾರ್ ಅಪೋಸ್ತಲಿಕ್’ ಎಂದು ಹೆಸರು. ಪಾಳುಬಿದ್ದ ಹಳ್ಳಿಯ ಗೌಡಿಕೆ ಕೊಟ್ಟು ಇನ್ನೊಂದು ಊರಿನ ಕಂದಾಯ ವಸೂಲಿಗೆ ಕಳಿಸಿದ ಹಾಗೆ. ದೊರೆಯ ಹಕ್ಕಿಗೆ ಕೈ ಹಚ್ಚಿಲ್ಲ, ಆದರೆ ಕೆಲಸ ಆಗಿದೆ.

1637ರಲ್ಲಿ ಮತೇವುಸ್ ಹೀಗೆ ‘ಕ್ರಿಸೋಪೊಲಿಸ್’ ಎಂಬ ಊರಿನ ಬಿಷಪ್ ಆದರು. ಅವರ ನಿಜವಾದ ಕಾರ್ಯಕ್ಷೇತ್ರ ‘ಇದಾಲ್ಕಾನ್’. ಆದಿಲ್ ಖಾನ್ ಎಂಬುದನ್ನು ಪೋರ್ಚುಗೀಸರ ನಾಲಿಗೆ ತಿರುಚಿದ ರೂಪ ಅದು, ಅಂದರೆ ಬಿಜಾಪುರ. ಗಡಿಯೊಳಗೆ ಅವರ ಧರ್ಮಕ್ಕೆ ಸೇರಿದವರು ಬೆರಳೆಣಿಕೆ. ನಮ್ಮ ಹಳ್ಳಿಗಳ ಯಾವ ಜಂಗಮರಿಗೂ, ಯಾವ ಮುಲ್ಲಾರಿಗೂ, ಯಾವ ಒಕ್ಕಲಿಗೂ ಇಂಥವರೊಬ್ಬರು ತಮ್ಮ ಸೀಮೆಗೆ ನೇಮಕವಾಗಿದ್ದಾರೆ ಎಂಬ ಸುದ್ದಿಯೇ ಮುಟ್ಟಿರಲಾರದು. ಈ ನೇಮಕದ ಗುರಿ ನಮ್ಮ ಹಳ್ಳಿಗಳಿಗಿಂತ ಗೋವಾ. ಬಿಜಾಪುರದ ನೆಲದಲ್ಲಿ ನಿಂತು ಗೋವಾದ ಕಡೆ ನೋಡುವುದಕ್ಕೆ ಒಂದು ಜಾಗ ಬೇಕಿತ್ತು.

ಹೊಳೆಯಾಚೆಯ ಡಿಚೋಲಿ

ಆ ಜಾಗ ಡಿಚೋಲಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಸಾಖಳಿ ದಾಟಿದರೆ ಸಿಗುವ ಊರು. ನಮ್ಮ ಕಡೆಯ ಹುಡುಗರು ಗೋವಾಕ್ಕೆ ದುಡಿಯಲು ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುವ ಊರು. ಇವತ್ತು ಅದು ಗೋವಾದೊಳಗಿದೆ. ಪೋರ್ಚುಗೀಸರ ಕೈಸೇರಿದ್ದು 18ನೇ ಶತಮಾನದ ಕೊನೆಗೆ. ಮತೇವುಸರ ಕಾಲಕ್ಕೆ ಅಲ್ಲಿ ಬಿಜಾಪುರದ ಆಡಳಿತ. ಆದಿಲ್‌ಶಾಹಿ ದರ್ಬಾರಿನ ಅನುಮತಿ ಪಡೆದು ಅವರು ಅಲ್ಲಿ ಚರ್ಚು ಕಟ್ಟಿದರು.

ಇದನ್ನು ಒಂದು ಕ್ಷಣ ಬಿಡಿಸಿ ನೋಡಿ. ಒಬ್ಬ ಭಾರತೀಯ ಕ್ರೈಸ್ತ ಬಿಷಪ್‌ಗೆ ಕ್ರೈಸ್ತ ದೊರೆಯ ರಾಜ್ಯದಲ್ಲಿ ಜಾಗವಿಲ್ಲ. ಮುಸ್ಲಿಂ ಸುಲ್ತಾನನ ರಾಜ್ಯದಲ್ಲಿ ಜಾಗ ಸಿಗುತ್ತದೆ. ಸುಲ್ತಾನನಿಗೆ ಕ್ರೈಸ್ತ ಧರ್ಮದ ಮೇಲೆ ಪ್ರೀತಿ ಉಕ್ಕಿ ಬಂದಿತ್ತು ಅಂತಲ್ಲ. ಪೋರ್ಚುಗೀಸರಿಗೆ ಕಿರಿಕಿರಿ ಮಾಡುವ ಯಾರಾದರೂ ಅವನಿಗೆ ಉಪಯೋಗವೇ. ಇತಿಹಾಸವನ್ನು ‘ಈ ಧರ್ಮದವರು ಆ ಧರ್ಮದವರು’ ಎಂದು ಎರಡೇ ಖಾನೆಯಲ್ಲಿ ತುಂಬಿಸಿ ಕೊಡುವ ವಾಟ್ಸಾಪ್ ಪಾಠಗಳಲ್ಲಿ ಇಂಥ ಕಥೆ ಹಿಡಿಸುವುದಿಲ್ಲ.

ಡಿಚೋಲಿಯಲ್ಲಿ ಕೂತು ಮತೇವುಸ್ ಗೋವಾದ ಬ್ರಾಹ್ಮಣ ಯುವಕರಿಗೆ ಗುರುದೀಕ್ಷೆ ಕೊಟ್ಟರು. ಗೋವಾದ ಚರ್ಚಿನ ಅಧಿಕಾರಿಗಳು ಅದನ್ನು ಒಪ್ಪಲಿಲ್ಲ. ಇವರ ಕಾಗದ ನಡೆಯದ ಮೇಲೆ ಇವರು ದೀಕ್ಷೆ ಕೊಟ್ಟವರ ಕಾಗದ ಹೇಗೆ ನಡೆದೀತು? ಇಥಿಯೋಪಿಯಾದ ಜೆಸ್ವಿಟ್ ಪೇಟ್ರಿಯಾರ್ಕ್ ಆಗಿದ್ದ ಅಫೋನ್ಸೊ ಮೆಂದೆಸ್ ಇವರ ಮೈಬಣ್ಣ ಹಿಡಿದು ಬರೆದ ಬೈಗುಳ ದಾಖಲೆಗಳಲ್ಲಿ ಉಳಿದಿದೆ. ಇಲ್ಲಿ ಬರೆಯುವ ಹಾಗಿಲ್ಲ. ಬಿಷಪ್ ಆದ ಮೇಲೂ ಬಣ್ಣ ಹೋಗಲಿಲ್ಲ.

ಮಧ್ಯೆ ಅವರು ಮತ್ತೆ ರೋಮಿಗೆ ಹೋದರು. ಇಥಿಯೋಪಿಯಾದ ಕಡೆ ಒಂದು ಪ್ರಯತ್ನ ನಡೆಯಿತು, ಅದೂ ಕೈಗೂಡಲಿಲ್ಲ. ತಿರುಗಿ ಡಿಚೋಲಿಗೆ ಬಂದರು. ಅಷ್ಟರಲ್ಲಿ ಯುರೋಪಿನಲ್ಲಿ ಒಂದು ಬದಲಾವಣೆ ಆಗಿತ್ತು. 1640ರಲ್ಲಿ ಪೋರ್ಚುಗಲ್ ಸ್ಪೇನಿನಿಂದ ಬೇರೆಯಾಯಿತು. ಸ್ಪೇನಿಗೆ ಹೆದರಿ ಪೋಪರು ಹೊಸ ದೊರೆಯನ್ನು ದಶಕಗಟ್ಟಲೆ ಮಾನ್ಯ ಮಾಡಲಿಲ್ಲ. ದೊರೆಗೇ ಮಾನ್ಯತೆ ಇಲ್ಲದ ಮೇಲೆ ಅವನು ಹೆಸರಿಸಿದ ಬಿಷಪ್ಪರಿಗೆಲ್ಲಿ? 1652ರಲ್ಲಿ ಗೋವಾದ ಆರ್ಚ್‌ಬಿಷಪ್ ತೀರಿಕೊಂಡ ಮೇಲೆ ಆ ಪೀಠ ಬಹುಕಾಲ ಖಾಲಿ ಉಳಿಯಿತು.

ಬ್ರಾಹ್ಮಣರಿಗೆ ಹಿಡಿದ ಕನ್ನಡಿ

ಪೀಠ ಖಾಲಿಯಾದ ಮರುವರ್ಷ, 1653ರಲ್ಲಿ, ಮತೇವುಸ್ ಒಂದು ಬರಹ ಬರೆದರು. ಅದರ ಹೆಸರಿನ ಅರ್ಥ ‘ಬ್ರಾಹ್ಮಣರ ಕನ್ನಡಿ’. ಗೋವಾದ ಬ್ರಾಹ್ಮಣರನ್ನು ಉದ್ದೇಶಿಸಿ ಪೋರ್ಚುಗೀಸರ ವಿರುದ್ಧ ಏಳಿ ಎಂದು ಕರೆ ಕೊಟ್ಟ ಬರಹ ಅದು. ಮರುವರ್ಷವೇ ಬಿಜಾಪುರದ ಸೈನ್ಯ ಗೋವಾದ ಗಡಿ ದಾಟಿತು. ಇದರ ಹಿಂದೆ ಈ ಬಿಷಪ್ಪನ ಕೈವಾಡ ಇದೆ, ವೆಂಗುರ್ಲೆಯ ಡಚ್ಚರ ಜೊತೆಗೂ ಇವನ ಮಸಲತ್ತು ನಡೆದಿದೆ ಎಂಬುದು ಪೋರ್ಚುಗೀಸರ ಆರೋಪ. ದಾಳಿ ಸೋತಿತು.

ನಮ್ಮ ಭಾಗದಲ್ಲಿ ವಸಾಹತುಶಾಹಿಗೆ ತಿರುಗಿಬಿದ್ದವರು ಅಂದ ಕೂಡಲೇ 1824ರ ಕಿತ್ತೂರು ನೆನಪಾಗುತ್ತದೆ. ಆಗಲೇಬೇಕು. ನಾನು ಬೆಳೆದದ್ದೇ ಚೆನ್ನಮ್ಮನ ಸಮಾಧಿ ಇರುವ ಊರಿನಲ್ಲಿ. ಸಂಗೊಳ್ಳಿ ನಮ್ಮ ತಾಲ್ಲೂಕು. ಅದಕ್ಕಿಂತ 171 ವರ್ಷ ಮೊದಲು, ನಮ್ಮ ಸೀಮೆಗೆಂದು ನೇಮಕವಾದ ಒಬ್ಬ ಪಾದ್ರಿ ಯುರೋಪಿನ ಒಂದು ಸಾಮ್ರಾಜ್ಯವನ್ನು ಒದ್ದೋಡಿಸಿ ಎಂದು ಬರೆದಿದ್ದ ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತು.

ಆದರೆ ಆ ಬರಹ ಯಾರನ್ನು ಕರೆಯುತ್ತದೆ ಎಂಬುದನ್ನು ನೋಡಿದಾಗ ಜುಮ್ಮೆಂದ ಮೈ ಇಳಿಯಿತು. ಅದು ಗೋವಾದ ಜನರನ್ನು ಕರೆಯುವುದಿಲ್ಲ. ಗೋವಾದ ಕ್ರೈಸ್ತರನ್ನೂ ಕರೆಯುವುದಿಲ್ಲ. ಬ್ರಾಹ್ಮಣರನ್ನು ಕರೆಯುತ್ತದೆ. ಮನುಷ್ಯರೆಲ್ಲ ಸಮ, ಆದ್ದರಿಂದ ನಮಗೂ ಪೀಠ ಕೊಡಿ ಎಂಬುದು ಅದರ ವಾದವಲ್ಲ. ನಾವು ಹುಟ್ಟಿನಿಂದಲೇ ಹಿರಿಯರು, ನಮ್ಮನ್ನು ಹೀಗೆ ಕಾಣುವುದೇ ಎಂಬುದು ಅದರ ಸಿಟ್ಟಿನ ಬುನಾದಿ.

ಅದು ಅವರೊಬ್ಬರ ತಪ್ಪಲ್ಲ ಎಂದು ಹೇಳಬಹುದು, ಹೇಳಬೇಕು ಕೂಡ. 1606ರ ಗೋವಾ ಚರ್ಚು ಸಭೆಯೇ ಗುರುದೀಕ್ಷೆಯನ್ನು ಬ್ರಾಹ್ಮಣರಿಗೂ ‘ಮರ್ಯಾದಸ್ತ’ ಎನಿಸಿಕೊಂಡ ಕೆಲವು ಜಾತಿಗಳಿಗೂ ಮೀಸಲಿಟ್ಟಿತ್ತು. ಅಂದರೆ ಗೋವಾದ ಚರ್ಚಿನಲ್ಲಿ ಎರಡು ಗೋಡೆಗಳಿದ್ದವು. ಬಿಳಿಯರು ಭಾರತೀಯರ ಮುಂದೆ ಕಟ್ಟಿದ ಬಣ್ಣದ ಗೋಡೆ ಒಂದು. ಬಿಳಿಯರೂ ಮೇಲ್ಜಾತಿ ಭಾರತೀಯರೂ ಸೇರಿ ಉಳಿದವರ ಮುಂದೆ ಕಟ್ಟಿದ ಜಾತಿಯ ಗೋಡೆ ಇನ್ನೊಂದು. ಮತೇವುಸ್ ಮೊದಲನೆಯದಕ್ಕೆ ಜೀವನಪೂರ್ತಿ ತಲೆ ಚಚ್ಚಿದರು. ಎರಡನೆಯದರ ನೆರಳಿನಲ್ಲಿ ನಿಂತು ಚಚ್ಚಿದರು.

ಅವರ ನಂತರ ಏನಾಯಿತು ನೋಡಿ. ಬಿಜಾಪುರದ ಜವಾಬ್ದಾರಿ ಇನ್ನೊಬ್ಬ ಗೋವಾ ಬ್ರಾಹ್ಮಣ ಕುಸ್ತೋದಿಯೊ ದೆ ಪಿನ್ಹೊಗೆ ಹೋಯಿತು. ಸಂಬಂಧದಲ್ಲಿ ಮಗನಾಗಬೇಕಿದ್ದ ತೋಮಸ್ ದೆ ಕಾಸ್ತ್ರೊ ಕೆನರಾಕ್ಕೆ ಬಿಷಪ್ ಆಗಿ ಮಂಗಳೂರಿಗೆ ಬಂದರು. ಗೋವಾದ ಪಾದ್ರಿಗಳೇ ಸೇರಿ 1680ರ ದಶಕದಲ್ಲಿ ಕಟ್ಟಿದ ಒರೇಟರಿ ಸಂಘ, ಸಂತ ಜೋಸೆಫ್ ವಾಜರು ಮುನ್ನಡೆಸಿದ ಸಂಘ, ಅದೂ ಬ್ರಾಹ್ಮಣರಿಗೆ ಮಾತ್ರ. ಮುಂದೆ 1702ರಲ್ಲಿ ಅಂತೋನಿಯೊ ಜುವಾಂವ್ ದೆ ಫ್ರಿಯಾಸ್ ಎಂಬ ಪಾದ್ರಿ ಕ್ರೈಸ್ತ ಬ್ರಾಹ್ಮಣರ ಹಿರಿಮೆ ಸಾರುವ ಪುಸ್ತಕ ಬರೆದರೆ, 1713ರಲ್ಲಿ ಲಿಯೊನಾರ್ದೊ ಪಾಯಿಸ್ ಎಂಬವರು ಅದಕ್ಕೆ ಎದುರಾಗಿ ಕ್ರೈಸ್ತ ಕ್ಷತ್ರಿಯರಾದ ಚಾರ್ದೋಗಳ ಹಿರಿಮೆ ಸಾರಿದರು. ಹೊಲದಲ್ಲಿ ದುಡಿಯುವ ಕುಣಬಿ ಕ್ರೈಸ್ತನ ಪರವಾಗಿ ಅಂಥ ಪುಸ್ತಕ ಬರಲಿಲ್ಲ.

ರೋಮ್ ಕಲಿತದ್ದು, ಕಲಿಯದ್ದು

ಮತೇವುಸ್ 1650ರ ದಶಕದ ಕೊನೆಗೆ ರೋಮಿಗೆ ಮರಳಿದರು. ಮತ್ತೆ ಅವರು ಭಾರತ ನೋಡಲಿಲ್ಲ. 1677ರ ಸುಮಾರಿಗೆ ಅಲ್ಲಿಯೇ ತೀರಿಕೊಂಡರು. ಮಹದಾಯಿಯಲ್ಲಿ ಹುಟ್ಟಿದವರು ಟೈಬರ್ ದಂಡೆಯಲ್ಲಿ ಮುಗಿದರು.

ರೋಮ್ ಈ ಕಥೆಯಿಂದ ಒಂದು ಪಾಠ ಕಲಿಯಿತು. 1659ರಲ್ಲಿ ಪ್ರೊಪಗಾಂಡ ಇಲಾಖೆ ತನ್ನ ಹೊಸ ಬಿಷಪ್ಪರಿಗೆ ಒಂದು ಸೂಚನಾಪತ್ರ ಕೊಟ್ಟಿತು: ಯುರೋಪಿನ ರೀತಿ ರಿವಾಜುಗಳನ್ನು ಹೊತ್ತುಕೊಂಡು ಹೋಗಿ ಏಷ್ಯಾದ ಜನರ ಮೇಲೆ ಹೇರಬೇಡಿ, ನಂಬಿಕೆಗೂ ನೀತಿಗೂ ಅಡ್ಡಬಾರದ ಅವರ ಆಚಾರಗಳನ್ನು ಬದಲಿಸಹೋಗಬೇಡಿ, ಸ್ಥಳೀಯ ಪಾದ್ರಿಗಳನ್ನು ಬೆಳೆಸಿ. ದೇಶನೂರಿನ ಕಾವಿಯ ಎಳೆಯನ್ನು ಹಿಡಿದು ಹಿಂದಕ್ಕೆ ಹೋದರೆ ಇಂಥ ಕಾಗದಗಳ ಹತ್ತಿರ ಹೋಗಿ ನಿಲ್ಲುತ್ತೇವೆ.

ಆದರೆ ಆ ಸೂಚನಾಪತ್ರ ಹಿಡಿದು ಹೊರಟ ಬಿಷಪ್ಪರು ಫ್ರೆಂಚರು. ಗೋವಾದವರ ಜೊತೆ ಇಷ್ಟು ಜಗಳ ಸಾಕು ಎಂದು ರೋಮಿಗೆ ಅನ್ನಿಸಿತ್ತು. ಲ್ಯಾಟಿನ್ ಪರಂಪರೆಯಲ್ಲಿ ಆಧುನಿಕ ಕಾಲದ ಮೊದಲ ಭಾರತೀಯ ಬಿಷಪ್ ಎಂದು ಕರೆಸಿಕೊಂಡ ಟಿಬರ್ಟಿಯಸ್ ರೋಚೆ ತೂತುಕುಡಿಗೆ ನೇಮಕವಾದದ್ದು 1923ರಲ್ಲಿ. 1637ಕ್ಕೂ 1923ಕ್ಕೂ ನಡುವೆ 286 ವರ್ಷ. ಬೆಳಗಾವಿಗೆ ತನ್ನದೇ ಕಥೊಲಿಕ ಧರ್ಮಪ್ರಾಂತ್ಯ ಬಂದದ್ದು 1953ರಲ್ಲಿ. ದಲಿತ ಸಮುದಾಯದ ಮೊದಲ ಕಾರ್ಡಿನಲ್ ಎಂದು ಹೈದರಾಬಾದಿನ ಆರ್ಚ್‌ಬಿಷಪ್ ಆಂಥೊನಿ ಪೂಲಾ ಆ ಸ್ಥಾನಕ್ಕೇರಿದ್ದು 2022ರಲ್ಲಿ. ಮೊದಲ ಗೋಡೆ ಬೀಳಲು ಸುಮಾರು 3 ಶತಮಾನ ಬೇಕಾಯಿತು. ಎರಡನೆಯದರಲ್ಲಿ ಈಗಷ್ಟೇ ಬಿರುಕು ಕಾಣುತ್ತಿದೆ.

ಕಾಗದ ಯಾರದು, ಮುದ್ರೆ ಯಾರದು?

ಇದನ್ನೆಲ್ಲ ಈಗ ಯಾಕೆ ಹೇಳಬೇಕು? ಎರಡು ಕಾರಣ.

ಒಂದು: 2021ರ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಆ ದಿನಗಳಲ್ಲಿ ಚರ್ಚು ಅಂದರೆ ವಿದೇಶಿ, ಪಾದ್ರಿ ಅಂದರೆ ವಿದೇಶಿಯ ಏಜೆಂಟ್ ಎಂಬ ಮಾತು ಧಾರಾಳವಾಗಿ ಹರಿದಾಡಿತು. ಆ ಮಾತಿಗೆ ಮತೇವುಸ್ ಒಂದು ನೇರ ಉತ್ತರ. 17ನೇ ಶತಮಾನದಲ್ಲೇ ಭಾರತೀಯ ಕ್ರೈಸ್ತನೊಬ್ಬ ವಿದೇಶಿ ದೊರೆಯ ಚರ್ಚಿಗೆ ತಿರುಗಿಬಿದ್ದಿದ್ದ. ಆದರೆ ಅವರನ್ನು ಹೀರೊ ಮಾಡಿ ಪೋಸ್ಟರ್ ಅಂಟಿಸಿದರೆ ‘ಚರ್ಚಿನಲ್ಲಿ ಜಾತಿ ಇಲ್ಲ’ ಎಂಬ ಇನ್ನೊಂದು ಸುಳ್ಳಿಗೆ ಅಂಟು ಹಚ್ಚಿದ ಹಾಗಾಗುತ್ತದೆ. ಎರಡೂ ಸುಳ್ಳನ್ನು ಒಟ್ಟಿಗೆ ಬಿಡಿಸಬೇಕು. ಒಂದನ್ನು ಬಿಡಿಸಿ ಇನ್ನೊಂದನ್ನು ಉಳಿಸಿಕೊಂಡರೆ ನನ್ನ ಗೆಳೆಯನಂಥವರಿಗೆ ಮತ್ತೆ ಮೋಸ.

ಎರಡು: ಮಾನ್ಯತೆಯ ರಾಜಕೀಯ. ಮತೇವುಸರ ಕೈಯಲ್ಲಿ ಪೋಪರ ಕಾಗದವಿತ್ತು, ಗೋವಾ ಒಪ್ಪಲಿಲ್ಲ. 1824ರಲ್ಲಿ ಕಿತ್ತೂರಿನಲ್ಲಿ ಶಿವಲಿಂಗಪ್ಪನ ದತ್ತಕವಾಗಿತ್ತು, ಕಂಪನಿ ಸರ್ಕಾರ ಒಪ್ಪಲಿಲ್ಲ. ವಾರಸುದಾರ ಯಾರು ಎಂದು ಹೇಳುವವರು ನಾವು ಅಂದಿತು. ಅಧಿಕಾರ ಯಾವಾಗಲೂ ಕತ್ತಿ ಹಿಡಿದು ಬರುವುದಿಲ್ಲ. ಎಷ್ಟೋ ಸಲ ಅದು ಕೌಂಟರಿನಾಚೆ ಕೂತು, ಕಾಗದ ತಿರುವಿ, ‘ಇದು ನಡೆಯೂದಿಲ್ಲ’ ಅನ್ನುತ್ತದೆ.

ಇವತ್ತಿನ ಕಾಗದ ಯಾವುದು? 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಾಗಲು ಬರುತ್ತಿರಲಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದರು. ಇದನ್ನು ಪರಿಶೀಲಿಸಲು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಆದೇಶದ ಹಿಂದಿನ ತರ್ಕ ಸರಳ: ಆ ಧರ್ಮಗಳಲ್ಲಿ ಜಾತಿ ಇಲ್ಲ, ಆದ್ದರಿಂದ ಅಲ್ಲಿ ಹೋದವರಿಗೆ ಜಾತಿಯ ಪೆಟ್ಟೂ ಇಲ್ಲ.

‘ಬ್ರಾಹ್ಮಣರ ಕನ್ನಡಿ’ ಬರೆದ ಬಿಷಪ್ಪರ ಮುಂದೆ ಈ ತರ್ಕ ಇಟ್ಟರೆ ಅವರೇ ನಕ್ಕುಬಿಡುತ್ತಿದ್ದರು. ಧರ್ಮ ಬದಲಾಗಿ ತಲೆಮಾರುಗಳು ಕಳೆದ ಮೇಲೂ ಅವರ ಜೊತೆ ಬ್ರಾಹ್ಮಣ್ಯ ರೋಮಿನವರೆಗೆ ಹೋಗಿ ವಾಪಸ್ ಬಂದಿತ್ತು. ಮೇಲಿನವನ ಜಾತಿ ಧರ್ಮ ದಾಟಿ ಹೋಗುತ್ತದೆ ಎಂದಾದರೆ ಕೆಳಗಿನವನ ಜಾತಿ ಮಾತ್ರ ನೀರು ಚಿಮುಕಿಸಿದ ಕೂಡಲೇ ಹೇಗೆ ತೊಳೆದುಹೋಗುತ್ತದೆ? ನನ್ನ ಗೆಳೆಯನ ಕೇರಿ ಬದಲಾಗಿಲ್ಲ. ಊರಿನ ಚಹಾದಂಗಡಿ ಅವನನ್ನು ನೋಡುವ ಕಣ್ಣು ಬದಲಾಗಿಲ್ಲ. ಬದಲಾದದ್ದು ಅರ್ಜಿಯಲ್ಲಿ ತುಂಬುವ ಒಂದು ಕಾಲಂ ಮಾತ್ರ.

ಹಾಗಾದರೆ ಅವನ ಪ್ರಶ್ನೆಗೆ ಉತ್ತರ ಏನು? ಮತೇವುಸ್ ‘ನಮ್ಮವರು’ ಹೌದೋ ಅಲ್ಲವೋ? ನನಗೆ ಅನ್ನಿಸುವುದು ಇಷ್ಟು. ಅವರು ತಟ್ಟಿದ ಬಾಗಿಲು ನಮ್ಮದು. ಸಾಮ್ರಾಜ್ಯದ ಮುಖಕ್ಕೆ ಮುಖ ಕೊಟ್ಟು ನಿಂತ ಅವರ ಛಲ ನಮ್ಮದು. ಆದರೆ ಬಾಗಿಲು ತೆಗೆದ ಕೂಡಲೇ ಯಾರನ್ನು ಒಳಗೆ ಕರೆದರು, ಯಾರನ್ನು ಅಂಗಳದಲ್ಲೇ ಬಿಟ್ಟರು ಎಂದು ಕೇಳುವ ಹಕ್ಕೂ ನಮ್ಮದೇ. ‘ನಮ್ಮವರೊಬ್ಬರು ಕುರ್ಚಿ ಏರಿದರು’ ಎಂದು ಪಟಾಕಿ ಹಚ್ಚುವಾಗ, ಪಕ್ಷ ಯಾವುದೇ ಇರಲಿ, ಮಠ ಯಾವುದೇ ಇರಲಿ, ವಿಶ್ವವಿದ್ಯಾಲಯ ಯಾವುದೇ ಇರಲಿ, ಈ ಪ್ರಶ್ನೆಯನ್ನು ಕಿಸೆಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಆಗ ಮಗಳ ಕಾಲೇಜು ಪ್ರವೇಶದ ಅರ್ಜಿ ತುಂಬುತ್ತಿದ್ದ.

“ನಿನ್ನ ಬಿಷಪ್ಪಂದು ಆಮ್ಯಾಲೆ ನೋಡೂಣಂತ,” ಅಂದ. “ಮೊದಲ ಇದನ್ನ ಹೇಳು. ಧರ್ಮದ ಕಾಲಮಿನ್ಯಾಗ ಖರೇ ಬರದ್ರ ಜಾತಿ ಕಾಲಂ ಖಾಲಿ ಬಿಡಬೇಕು. ಜಾತಿ ಕಾಲಮಿನ್ಯಾಗ ಖರೇ ಬರದ್ರ ಧರ್ಮ ಸುಳ್ಳು ಬರೀಬೇಕು. ಯಾವುದನ್ನ ಬರೀಲಿ?”